ನೇಪಾಳಕ್ಕೆ ಒಬ್ಬರೇ ಹೊರಡುವವರಿಗೆ: ಬೆನ್ನುಚೀಲ, ಬಿಗಿ ಖರ್ಚು, ಒಂದಿಷ್ಟು ಎಚ್ಚರ

ವಿದೇಶ ಪ್ರವಾಸ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ವಿಮಾನ, ವೀಸಾ, ಡಾಲರ್, ಲಕ್ಷಗಟ್ಟಲೆ ಖರ್ಚು. ಇವು ಯಾವುದೂ ಇಲ್ಲದೆ, ರೈಲಿನಲ್ಲಿ ಹೋಗಿ, ಗಡಿಯ ಕಮಾನಿನಡಿ ನಡೆದು ದಾಟಿ ತಲುಪಬಹುದಾದ ವಿದೇಶವೊಂದು ನಮ್ಮ ಪಕ್ಕದಲ್ಲೇ ಇದೆ. ಅದು ನೇಪಾಳ. ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬರೇ ಹೋಗಿ, ಎರಡು ವಾರ ಸುತ್ತಿ, ಮಧ್ಯಮ ವರ್ಗದ ಒಂದು ತಿಂಗಳ ಸಂಬಳದೊಳಗೆ ವಾಪಸು ಬರುವವರು ಈಗ ಬಹಳ ಮಂದಿ ಇದ್ದಾರೆ. ಕಾಲೇಜು ಮುಗಿಸಿದ ಹುಡುಗರು, ನಿವೃತ್ತ ಮೇಷ್ಟ್ರುಗಳು, ಒಬ್ಬರೇ ತಿರುಗಾಡುವ ಹೆಣ್ಣುಮಕ್ಕಳು ಎಲ್ಲರೂ ಈ ದಾರಿ ಹಿಡಿಯುತ್ತಿದ್ದಾರೆ.

ಆದರೆ ಸುಲಭ ಎಂಬ ಕಾರಣಕ್ಕೇ ಅನೇಕರು ತಯಾರಿ ಇಲ್ಲದೆ ಹೊರಡುತ್ತಾರೆ. ಗುಂಪಿನಲ್ಲಿ ಹೋದವರಿಗೆ ಚಿಕ್ಕದಾಗಿ ಕಾಣುವ ತೊಂದರೆ ಒಬ್ಬರೇ ಹೋದವರಿಗೆ ದೊಡ್ಡದಾಗುತ್ತದೆ. ಗುರುತಿನ ಚೀಟಿ ಕಳೆದರೂ, ಬೆಟ್ಟದ ಮೇಲೆ ತಲೆ ಸುತ್ತಿದರೂ, ಮಳೆಗೆ ರಸ್ತೆ ಕುಸಿದರೂ ಜೊತೆಗೆ ಯಾರೂ ಇರುವುದಿಲ್ಲ. ಗಡಿನಾಡಿನ ನಮ್ಮ ಓದುಗರಿಗೆ ಉಪಯೋಗಕ್ಕೆ ಬರಲೆಂದು ಅಗತ್ಯ ಮಾಹಿತಿಯನ್ನು ಇಲ್ಲಿ ಒಟ್ಟು ಮಾಡಿ ಕೊಡಲಾಗಿದೆ.

ಕಾಗದಪತ್ರ: ಆಧಾರ್ ಸಾಲದು

1950ರ ಭಾರತ–ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದ ಫಲವಾಗಿ ಭಾರತೀಯರಿಗೆ ನೇಪಾಳದ ವೀಸಾ ಬೇಡ. ಆದರೆ ಭಾರತೀಯ ಪ್ರಜೆ ಎಂದು ತೋರಿಸುವ ದಾಖಲೆ ಬೇಕು. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ, ಇವೆರಡೇ ಗಟ್ಟಿ ದಾಖಲೆಗಳು. ಇಲ್ಲಿ ಹೆಚ್ಚಿನವರು ಎಡವುವುದು ಆಧಾರ್ ವಿಷಯದಲ್ಲಿ. 15 ವರ್ಷದೊಳಗಿನವರು ಮತ್ತು 65 ದಾಟಿದವರನ್ನು ಬಿಟ್ಟು ಉಳಿದವರಿಗೆ ವಿಮಾನದಲ್ಲಿ ನೇಪಾಳಕ್ಕೆ ಹೋಗಿಬರಲು ಆಧಾರ್ ನಡೆಯದು. ಹೋಗುವಾಗ ರೈಲು, ಬರುವಾಗ ವಿಮಾನ ಎಂದುಕೊಂಡವರು ಇದನ್ನು ಮೊದಲೇ ಗಮನಿಸಬೇಕು.

ಗಡಿನಾಡಿನವರಿಗೆ ಇನ್ನೊಂದು ಕಿವಿಮಾತು. ನಮ್ಮ ಮತದಾರರ ಚೀಟಿಗಳು ಮಲಯಾಳಂ, ಮರಾಠಿ, ತಮಿಳು, ತೆಲುಗಿನಲ್ಲಿ ಇದ್ದು ಜೊತೆಗೆ ಇಂಗ್ಲಿಷ್ ಇರುತ್ತದೆ. ಒಂದೇ ಹೆಸರು ಮೂರು ದಾಖಲೆಗಳಲ್ಲಿ ಮೂರು ಬಗೆಯಾಗಿ ಇರುವುದು ನಮ್ಮ ಕಡೆ ಮನೆಮನೆಯ ಕತೆ. ಇಂಗ್ಲಿಷಿನಲ್ಲಿರುವ ಹೆಸರು ಟಿಕೆಟಿನ ಹೆಸರಿಗೆ ಅಕ್ಷರಶಃ ಹೊಂದುವಂತೆ ನೋಡಿಕೊಳ್ಳಿ. ಹಳೆಯ ಚೀಟಿಯಲ್ಲಿ ಫೋಟೋ ಮಸುಕಾಗಿದ್ದರೆ ಹೊಸದು ಮಾಡಿಸಿಕೊಂಡೇ ಹೊರಡಿ. ಮೂಲ ದಾಖಲೆ ಮೈಮೇಲೆ, ಎರಡು ಜೆರಾಕ್ಸ್ ಚೀಲದಲ್ಲಿ, ಫೋಟೋ ಮೊಬೈಲಿನಲ್ಲಿ, ಇನ್ನೊಂದು ಪ್ರತಿ ಮನೆಯವರ ಕೈಯಲ್ಲಿ ಇರಲಿ. ನಾಲ್ಕೈದು ಪಾಸ್‌ಪೋರ್ಟ್ ಅಳತೆಯ ಫೋಟೋ ಒಯ್ದರೆ ಸಿಮ್ ಕಾರ್ಡಿಗೂ ಚಾರಣದ ಪರವಾನಗಿಗೂ ಆಗುತ್ತದೆ.

ಗಡಿ ದಾಟುವ ದಾರಿಗಳು

ದಕ್ಷಿಣದಿಂದ ಹೋಗುವವರಿಗೆ ಅನುಕೂಲವಾದ ಗಡಿ ಉತ್ತರ ಪ್ರದೇಶದ ಸೋನೌಲಿ. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆ. ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲು ಇದೆ. ಕೇರಳದ ಕಡೆಯವರಿಗೆ ಪಾಲಕ್ಕಾಡಿನ ಮೇಲೆ ಹೋಗುವ ರಾಪ್ತಿಸಾಗರ್ ಎಕ್ಸ್‌ಪ್ರೆಸ್, ಮಹಾರಾಷ್ಟ್ರದವರಿಗೆ ಪುಣೆ ಮತ್ತು ಮುಂಬೈಯಿಂದ ಗಾಡಿಗಳಿವೆ. ಇವುಗಳಲ್ಲಿ ಕೆಲವು ವಾರಕ್ಕೊಮ್ಮೆ ಮಾತ್ರ ಓಡುವುದರಿಂದ ಮೊದಲು ರೈಲಿನ ದಿನ ನೋಡಿ, ಆಮೇಲೆ ಪ್ರವಾಸದ ದಿನ ಗೊತ್ತುಮಾಡುವುದು ಜಾಣತನ.

ಎರಡನೆಯ ದಾರಿ ಬಿಹಾರದ ರಕ್ಸೌಲ್. ಆಚೆಗೆ ಬೀರ್‌ಗಂಜ್. ಅಲ್ಲಿಂದ ಹೇಟೌಡಾ ಮೇಲೆ ಕಠ್ಮಂಡುವಿಗೆ ಜೀಪುಗಳು ಓಡುತ್ತವೆ. ಮೂರನೆಯದು ಜಯನಗರ. 2022ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾದ ರೈಲಿನಲ್ಲಿ ಇಲ್ಲಿಂದ ಸೀತೆಯ ತವರೆಂದು ಪ್ರಸಿದ್ಧವಾದ ಜನಕಪುರಕ್ಕೆ ಹೋಗಬಹುದು. ಯಾವ ಗಡಿಯಾದರೂ ಬೆಳಗ್ಗೆ ದಾಟುವಂತೆ ಯೋಜನೆ ಹಾಕಿಕೊಳ್ಳಿ. ಕತ್ತಲಾದ ಮೇಲೆ ಗಡಿಯ ಊರುಗಳಲ್ಲಿ ದಲ್ಲಾಳಿಗಳದ್ದೇ ದರಬಾರು.

ಗಡಿ ದಾಟಿದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಿಡಿ. ಅಲ್ಲಿನ ಪಂಚಾಂಗ ವಿಕ್ರಮ ಸಂವತ್. ನಮ್ಮ ಇಸವಿಗಿಂತ 56–57 ವರ್ಷ ಮುಂದೆ. ಬಸ್ ಟಿಕೆಟಿನ ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಶನಿವಾರ ಅಲ್ಲಿ ವಾರದ ರಜೆ. ಸರ್ಕಾರಿ ಕೆಲಸವೇನಾದರೂ ಇದ್ದರೆ ಆ ದಿನ ಬಿಟ್ಟು ನೋಡಿಕೊಳ್ಳಿ.

ಹಣ: ಐಸಿ, ಎನ್‌ಸಿ ಎಂದರೇನು?

ನೇಪಾಳದ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ ಇದು. ಐಸಿ ಎಂದರೆ ಭಾರತದ ರೂಪಾಯಿ, ಎನ್‌ಸಿ ಎಂದರೆ ನೇಪಾಳದ ರೂಪಾಯಿ. 1993ರಿಂದ ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ ಎಂಬ ದರ ಬದಲಾಗಿಲ್ಲ. ಯಾರಾದರೂ ಬೆಲೆ ಹೇಳಿದ ತಕ್ಷಣ "ಎನ್‌ಸಿಯಾ, ಐಸಿಯಾ?" ಎಂದು ಕೇಳಿ. ಕೇಳದೆ ಒಪ್ಪಿಕೊಂಡರೆ 500ರ ಕೋಣೆಗೆ 800 ಕೊಟ್ಟಂತಾಗುತ್ತದೆ.

ನೋಟಿನ ವಿಷಯದಲ್ಲಿ ಗೊಂದಲ ಬಹಳ. 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನೇಪಾಳ 2018ರ ಡಿಸೆಂಬರ್‌ನಲ್ಲಿ ನಿಷೇಧಿಸಿತ್ತು. 2025ರ ಕೊನೆಯಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ನಿಯಮ ಸಡಿಲಿಸಿ, 100ಕ್ಕಿಂತ ದೊಡ್ಡ ನೋಟುಗಳನ್ನು ಒಟ್ಟು 25,000 ರೂಪಾಯಿವರೆಗೆ ಒಯ್ಯಲು ಅವಕಾಶ ಕೊಟ್ಟಿತು. ಹಾಗಿದ್ದರೂ ಹಳ್ಳಿ, ಬೆಟ್ಟಗಳ ಕಡೆ ದೊಡ್ಡ ನೋಟು ಕಂಡರೆ ಅಂಗಡಿಯವರು ಹಿಂಜರಿಯುವುದುಂಟು. 100ರ ನೋಟುಗಳ ಒಂದು ಕಟ್ಟು ಜೊತೆಗಿದ್ದರೆ ನಿಶ್ಚಿಂತೆ. ಗಡಿಯಲ್ಲಿ ಪರವಾನಗಿ ಇರುವ ವಿನಿಮಯ ಅಂಗಡಿಯಲ್ಲೇ ಬದಲಾಯಿಸಿ, ರಸೀದಿ ಇಟ್ಟುಕೊಳ್ಳಿ.

2024ರ ಮಾರ್ಚ್‌ನಿಂದ ನಮ್ಮ ಯುಪಿಐ ಕೂಡ ನೇಪಾಳದಲ್ಲಿ ನಡೆಯುತ್ತಿದೆ. ಫೋನ್‌ಪೇ ಎಂಬ ಅಲ್ಲಿನ ಸಂಸ್ಥೆಯ ಕ್ಯುಆರ್ ಫಲಕ ಇರುವ ಅಂಗಡಿಗಳಲ್ಲಿ ಮೊಬೈಲಿನಿಂದಲೇ ಹಣ ಕೊಡಬಹುದು. ಹೆಸರು ಒಂದೇ ರೀತಿ ಕೇಳಿದರೂ ಇದು ನಮ್ಮ ಊರಿನ ಆ್ಯಪ್ ಅಲ್ಲ. ನಗರಗಳಲ್ಲಿ ಇದು ಬಹಳ ಅನುಕೂಲ. ಬೆಟ್ಟ ಹತ್ತುವವರು ಮಾತ್ರ ನಗದನ್ನೇ ನಂಬಬೇಕು. ಸಿಗ್ನಲ್ ಇಲ್ಲದ ಕಡೆ ಮೊಬೈಲು ಬರೀ ಟಾರ್ಚು.

ಖರ್ಚಿನ ಲೆಕ್ಕ

ಕೈ ಬಿಗಿ ಹಿಡಿದು ಹೋಗುವ ಒಬ್ಬರಿಗೆ ದಿನದ ಅಂದಾಜು ಹೀಗಿದೆ. ಎಲ್ಲವೂ ನೇಪಾಳಿ ರೂಪಾಯಿಯಲ್ಲಿ. ಸೀಸನ್ ಮತ್ತು ಊರಿಗೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ.

• ಡಾರ್ಮಿಟರಿ ಹಾಸಿಗೆ ಅಥವಾ ಸಾಧಾರಣ ಕೋಣೆ: 700
• ಎರಡು ಊಟ, ಒಂದು ತಿಂಡಿ, ಚಹಾ: 950
• ಊರೊಳಗಿನ ಬಸ್ಸು, ಟೆಂಪೋ: 300
• ಪ್ರವೇಶ ಶುಲ್ಕ, ಇತರೆ: 250
• ಒಟ್ಟು: 2,200. ಅಂದರೆ ನಮ್ಮ ಹಣದಲ್ಲಿ 1,375 ರೂಪಾಯಿ.

14 ದಿನಕ್ಕೆ ಇದು 30,800 ಆಗುತ್ತದೆ. ನಾಲ್ಕು ದೂರದ ಬಸ್ ಪ್ರಯಾಣಕ್ಕೆ ತಲಾ ಒಂದು ಸಾವಿರದಂತೆ 4,000 ಸೇರಿಸಿ. ಒಟ್ಟು 34,800, ನಮ್ಮ ಲೆಕ್ಕದಲ್ಲಿ 21,750 ರೂಪಾಯಿ. ಇದಕ್ಕೆ ಊರಿನಿಂದ ಹೋಗಿಬರುವ ಸ್ಲೀಪರ್ ಟಿಕೆಟ್ ಸೇರಿಸಿಕೊಳ್ಳಿ. ಇದಲ್ಲದೆ 5,000 ರೂಪಾಯಿಯನ್ನು ಮುಟ್ಟದ ಗಂಟಾಗಿ ಬೇರೆ ಜೇಬಿನಲ್ಲಿ ಇಡಿ. ಒಬ್ಬರೇ ಹೋಗುವವರಿಗೆ ಈ ಗಂಟೇ ಜೊತೆಗಾರ. ರಾತ್ರಿ ಹೊತ್ತು ಸಂಶಯ ಬಂದ ವಸತಿ ಬಿಟ್ಟು ಒಳ್ಳೆಯ ಹೋಟೆಲಿಗೆ ಹೋಗಲು, ಜ್ವರ ಬಂದರೆ ವೈದ್ಯರಿಗೆ ತೋರಿಸಲು ಇದು ಬೇಕು. ಉಳಿತಾಯದ ಹಟದಲ್ಲಿ ಇದನ್ನು ಖರ್ಚು ಮಾಡಲು ಹಿಂಜರಿಯುವುದೇ ಅಪಾಯಕ್ಕೆ ದಾರಿ.

ಊಟದಲ್ಲಿ ಉಳಿತಾಯದ ಗುಟ್ಟು ದಾಲ್ ಭಾತ್. ಅನ್ನ, ಬೇಳೆ, ತರಕಾರಿ ಪಲ್ಯ, ಸೊಪ್ಪು, ಉಪ್ಪಿನಕಾಯಿಯ ತಟ್ಟೆ. ಸಾಮಾನ್ಯವಾಗಿ ಎರಡನೆಯ ಸಲ ಬಡಿಸಿದ್ದಕ್ಕೆ ಬೇರೆ ದುಡ್ಡಿಲ್ಲ. ಅನ್ನ ಉಂಡು ಬೆಳೆದ ನಮ್ಮವರಿಗೆ ಇದು ಹೊಟ್ಟೆಗೂ ಹಿತ, ಜೇಬಿಗೂ ಹಿತ. ಬಸ್ ನಿಲ್ದಾಣದ ಎದುರಿನ ಹೋಟೆಲಿಗಿಂತ ಎರಡು ಗಲ್ಲಿ ಒಳಗೆ, ಸ್ಥಳೀಯರು ಕುಳಿತು ಉಣ್ಣುವ ಜಾಗ ಹುಡುಕಿ. ನಲ್ಲಿ ನೀರು ಕುಡಿಯಬೇಡಿ.

ಪ್ರವೇಶ ಶುಲ್ಕ ಕೊಡುವಾಗ ಸಾರ್ಕ್ ದೇಶದವರ ದರ ಕೇಳಿ. ಅರಮನೆ ಚೌಕಗಳು, ಸಂರಕ್ಷಿತ ಪ್ರದೇಶಗಳಲ್ಲಿ ಭಾರತೀಯರಿಗೆ ಇತರ ವಿದೇಶಿಯರಿಗಿಂತ ಬಹಳ ಕಡಿಮೆ ಶುಲ್ಕ. ಉದಾಹರಣೆಗೆ ಅನ್ನಪೂರ್ಣ ಸಂರಕ್ಷಣಾ ಪ್ರದೇಶಕ್ಕೆ ಇತರರಿಗೆ 3,000 ಇದ್ದ ದರ ಸಾರ್ಕ್‌ನವರಿಗೆ 1,000. ಗುರುತಿನ ಚೀಟಿ ತೋರಿಸಿದರೆ ಮಾತ್ರ ಈ ರಿಯಾಯಿತಿ.

ಎರಡು ವಾರದ ಒಂದು ದಾರಿ

ಸೋನೌಲಿಯಿಂದ ಒಳಹೊಕ್ಕು ಲುಂಬಿನಿಯಲ್ಲಿ ಎರಡು ರಾತ್ರಿ, ಬೆಟ್ಟದೂರು ತಾನ್ಸೇನ್‌ನಲ್ಲಿ ಒಂದು, ಪೋಖರಾದಲ್ಲಿ ನಾಲ್ಕು, ಡುಮ್ರೆಯ ಮೇಲಿನ ಹಳೆಯ ನೇವಾರ್ ಪಟ್ಟಣ ಬಂದೀಪುರದಲ್ಲಿ ಒಂದು, ಕಠ್ಮಂಡುವಿನಲ್ಲಿ ಮೂರು, ಭಕ್ತಪುರದಲ್ಲಿ ಎರಡು. ಕೊನೆಗೆ ಬೀರ್‌ಗಂಜ್ ಮೂಲಕ ರಕ್ಸೌಲಿಗೆ ಇಳಿದರೆ ಒಮ್ಮೆ ಹೋದ ದಾರಿಯಲ್ಲೇ ಮತ್ತೆ ಬರಬೇಕಿಲ್ಲ. ದಿನಕ್ಕೊಂದು ಊರು ಎಂದು ಓಡುವವರಿಗೆ ಬಸ್ಸಿಗೇ ಹಣ ಮುಗಿಯುತ್ತದೆ. ಕಡಿಮೆ ಊರು, ಹೆಚ್ಚು ದಿನ. ಬಿಗಿ ಖರ್ಚಿನ ಪ್ರವಾಸಕ್ಕೆ ಇದೇ ಸೂತ್ರ.

ಹೋಗಲು ಒಳ್ಳೆಯ ಕಾಲ ಅಕ್ಟೋಬರ್–ನವೆಂಬರ್ ಮತ್ತು ಮಾರ್ಚ್–ಏಪ್ರಿಲ್. ದಸರೆಯನ್ನು ಅಲ್ಲಿ ದಶೈಂ ಎನ್ನುತ್ತಾರೆ. ಆ ದಿನಗಳಲ್ಲಿ ಊರಿಗೆ ಹೋಗುವವರಿಂದ ಬಸ್ಸುಗಳು ತುಂಬಿ ತುಳುಕುತ್ತವೆ, ಅಂಗಡಿಗಳು ಮುಚ್ಚಿರುತ್ತವೆ. ಡಿಸೆಂಬರ್, ಜನವರಿಯಲ್ಲಿ ತರಾಯಿ ಬಯಲಿನಲ್ಲಿ ದಟ್ಟ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ.

ದಾರಿಯಲ್ಲಿ ಕನ್ನಡದ ನಂಟು

ನೇಪಾಳ ನಮಗೆ ಅಂದುಕೊಂಡಷ್ಟು ಪರದೇಶವಲ್ಲ. ಕಠ್ಮಂಡುವಿನ ಪಶುಪತಿನಾಥ ದೇವಾಲಯದ ಮುಖ್ಯ ಅರ್ಚಕರಾದ ಭಟ್ಟರು ಪರಂಪರೆಯಂತೆ ದಕ್ಷಿಣ ಭಾರತದವರು, ವಿಶೇಷವಾಗಿ ಕರ್ನಾಟಕದ ಕಡೆಯವರು. 2009ರಲ್ಲಿ ಇವರ ಜಾಗಕ್ಕೆ ನೇಪಾಳಿ ಅರ್ಚಕರನ್ನು ತರುವ ಪ್ರಯತ್ನ ನಡೆದು ದೊಡ್ಡ ವಿವಾದವಾಯಿತು. ಕೊನೆಗೆ ಹಳೆಯ ಪದ್ಧತಿಯೇ ಉಳಿಯಿತು.

ಬೀರ್‌ಗಂಜ್‌ನ ಪೂರ್ವಕ್ಕೆ, ಬಾರಾ ಜಿಲ್ಲೆಯಲ್ಲಿ ಸಿಮ್ರೌನ್‌ಗಢ ಎಂಬ ಊರಿದೆ. 1097ರ ಸುಮಾರಿಗೆ ಇಲ್ಲಿ ರಾಜ್ಯ ಕಟ್ಟಿದವನು ನಾನ್ಯದೇವ. ಅವನ ವಂಶವನ್ನು ಇತಿಹಾಸಕಾರರು ಕರೆಯುವುದೇ ಮಿಥಿಲೆಯ ಕರ್ಣಾಟ ವಂಶ ಎಂದು. 1324ರ ವೇಳೆಗೆ ಘಿಯಾಸುದ್ದೀನ್ ತುಘಲಕ್‌ನ ದಾಳಿಗೆ ಸಿಕ್ಕಿ ಕೊನೆಯ ದೊರೆ ಹರಿಸಿಂಹದೇವ ಬೆಟ್ಟಗಳ ಕಡೆ ಓಡಿದ. ಅವನ ಕುಟುಂಬ ಭಕ್ತಪುರ ಸೇರಿತು. ಮುಂದೆ ಮಲ್ಲ ಅರಸರು ಈ ವಂಶದೊಂದಿಗೆ ಸಂಬಂಧ ಬೆಳೆಸಿ ಅದನ್ನು ಹೆಮ್ಮೆಯಿಂದ ಹೇಳಿಕೊಂಡರು. ಹಳೆಯ ಕೋಟೆಯ ಮಣ್ಣಿನ ಗೋಡೆಗಳ ಕುರುಹು ನೋಡಬೇಕೆಂದರೆ ಪ್ರವಾಸಕ್ಕೆ ಒಂದು ದಿನ ಸೇರಿಸಿಕೊಂಡು ಬೀರ್‌ಗಂಜ್‌ನಲ್ಲಿ ತಂಗಿ ಹೋಗಿಬರಬಹುದು. ಪ್ರವಾಸಿಗರ ಗದ್ದಲ ಇಲ್ಲದ ಜಾಗವಿದು.

ಲುಂಬಿನಿಯಲ್ಲಿ ಅಶೋಕನ ಕಂಬವಿದೆ. ಬುದ್ಧ ಹುಟ್ಟಿದ ಊರೆಂದು ಈ ಹಳ್ಳಿಯ ತೆರಿಗೆ ಇಳಿಸಿದ್ದನ್ನು ಅದರ ಮೇಲೆ ಬರೆಸಿದ್ದಾನೆ. ಅದೇ ಅಶೋಕನ ಬ್ರಾಹ್ಮಿ ಅಕ್ಷರಗಳು ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ, ಆದವಾನಿ ಸೀಮೆಯವರಿಗೆ ದೂರವಲ್ಲದ ಎರ್ರಗುಡಿಯ ಬಂಡೆಗಳ ಮೇಲೂ ಇವೆ. ಊರಲ್ಲಿ ಕಂಡ ಲಿಪಿಯನ್ನು ಸಾವಿರ ಮೈಲಿ ಆಚೆ ನೋಡುವ ಸಂತೋಷಕ್ಕೆ ಯಾವ ಶುಲ್ಕ ಹೆಚ್ಚು?

ಚಾರಣ: ಇಲ್ಲಿ ಮಾತ್ರ ಒಬ್ಬರೇ ಬೇಡ

ಹಿಮಾಲಯದಲ್ಲಿ ಒಬ್ಬರೇ ಚಾರಣ ಹೋದ ವಿದೇಶಿಯರು ಕಾಣೆಯಾದ ಪ್ರಕರಣಗಳು ಹಲವಾರು. ಹುಡುಕಲು ಹೊರಟವರಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಈ ಕಾರಣ ಮುಂದಿಟ್ಟು ನೇಪಾಳ ಪ್ರವಾಸೋದ್ಯಮ ಮಂಡಳಿ 2023ರ ಏಪ್ರಿಲ್ 1ರಿಂದ ವಿದೇಶಿ ಚಾರಣಿಗರಿಗೆ ಪರವಾನಗಿ ಇರುವ ಮಾರ್ಗದರ್ಶಕ ಕಡ್ಡಾಯ ಎಂಬ ನಿಯಮ ತಂದಿತು. ಎವರೆಸ್ಟ್ ಸೀಮೆಯ ಸ್ಥಳೀಯ ಆಡಳಿತ ಇದನ್ನು ಒಪ್ಪಲಿಲ್ಲ. ಬೇರೆಡೆ ಜಾರಿಯೂ ಒಂದೇ ಸಮನಾಗಿಲ್ಲ. ಆದ್ದರಿಂದ ಹೊರಡುವ ಮುನ್ನ ಪೋಖರಾ ಅಥವಾ ಕಠ್ಮಂಡುವಿನ ಮಂಡಳಿ ಕಚೇರಿಯಲ್ಲೇ ವಿಚಾರಿಸಿ.

ಮಾರ್ಗದರ್ಶಕರ ಖರ್ಚು ಒಬ್ಬರಿಗೆ ಭಾರ, ನಿಜ. ಇಬ್ಬರು ಮೂವರು ಸೇರಿದರೆ ಹಂಚಿಹೋಗುತ್ತದೆ. ವಸತಿಗೃಹಗಳಲ್ಲಿ ಇಂಥ ಜೊತೆ ಸಿಗುವುದು ಕಷ್ಟವಲ್ಲ. ಅದೂ ಆಗದಿದ್ದರೆ ಪೋಖರಾದ ಸಾರಂಗಕೋಟ್, ಶಾಂತಿ ಸ್ತೂಪ, ಕಠ್ಮಂಡು ಬಳಿಯ ನಗರಕೋಟ್ ಮುಂತಾದ ಕಡೆ ಒಂದು ದಿನದ ನಡಿಗೆಯಲ್ಲೇ ಹಿಮಶಿಖರಗಳ ದರ್ಶನವಾಗುತ್ತದೆ.

ಎತ್ತರದ ಬಗ್ಗೆ ಒಂದು ಮಾತು. ಸಮುದ್ರ ಮಟ್ಟದ ಕಾಸರಗೋಡಿನವರಿಗೂ, ಬೆಟ್ಟದ ನೀಲಗಿರಿಯವರಿಗೂ 3,000 ಮೀಟರ್ ದಾಟಿದ ಮೇಲೆ ನಿಯಮ ಒಂದೇ. ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ತಲೆನೋವು, ವಾಂತಿ, ನಿದ್ದೆ ಬಾರದಿರುವುದು ಮೊದಲ ಸೂಚನೆ. ಆಗ ಮೇಲೆ ಹತ್ತಬಾರದು. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಕುಳಿತಲ್ಲೇ ಉಸಿರು ಕಟ್ಟಿದರೆ ರಾತ್ರಿಯಾದರೂ ಸರಿ, ಜೊತೆ ಮಾಡಿಕೊಂಡು ಕೆಳಗಿಳಿಯಬೇಕು. ಒಬ್ಬರೇ ಇದ್ದವರಿಗೆ ತಮ್ಮ ಮಾತು ತಡವರಿಸುತ್ತಿದೆ ಎಂದು ಹೇಳುವವರು ಯಾರು? ಚಾರಣಕ್ಕೆ ಜೊತೆ ಬೇಕೆನ್ನುವುದು ಇದಕ್ಕೇ. ಪ್ರವಾಸ ವಿಮೆ ಮಾಡಿಸುವಾಗಲೂ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯ ಎಂಬ ಸಾಲನ್ನು ಓದಿಯೇ ಸಹಿ ಹಾಕಿ.

ರಸ್ತೆ ಮತ್ತು ಮಳೆ

ಬಿಗಿ ಖರ್ಚಿನವರು ಕೋಣೆಯ ಬಾಡಿಗೆ ಉಳಿಸಲು ರಾತ್ರಿ ಬಸ್ ಹಿಡಿಯುತ್ತಾರೆ. ಬಯಲು ಸೀಮೆಯಲ್ಲಿ ಇದು ಸರಿ. ನೇಪಾಳದ ಬೆಟ್ಟದ ರಸ್ತೆಗಳಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಖಂಡಿತ ಬೇಡ. 2024ರ ಜುಲೈ 12ರ ನಸುಕಿನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಭೂಕುಸಿತವಾಗಿ ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದವು. ಅದೇ ವರ್ಷ ಆಗಸ್ಟ್ 23ರಂದು ತನಹೂಂ ಜಿಲ್ಲೆಯಲ್ಲಿ ಭಾರತದ ಬಸ್ಸೊಂದು ಮರ್ಸ್ಯಾಂಗ್ಡಿ ನದಿಗೆ ಉರುಳಿ ಮಹಾರಾಷ್ಟ್ರದ ಜಳಗಾಂವ್ ಕಡೆಯ ಯಾತ್ರಿಕರೂ ಸೇರಿ 27 ಮಂದಿ ತೀರಿಕೊಂಡರು. ಸೆಪ್ಟೆಂಬರ್ ಕೊನೆಯ ಮಳೆಗೆ 200ಕ್ಕೂ ಹೆಚ್ಚು ಜನ ಸತ್ತರು. ಕಠ್ಮಂಡುವಿನ ರಸ್ತೆ ಸಂಪರ್ಕವೇ ಕಡಿದುಹೋಗಿತ್ತು.

ಆದ್ದರಿಂದ ಹಗಲು ಬಸ್ಸು, ಬೆಳಗಿನ ಮೊದಲ ಗಾಡಿ. ವಾಪಸು ರೈಲಿನ ದಿನಕ್ಕೆ ಮೊದಲು ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಬಂದ್, ಗಲಭೆಗಳಿಗೂ ಇದೇ ಮಾತು. 2025ರ ಸೆಪ್ಟೆಂಬರ್ 8 ಮತ್ತು 9ರಂದು ಯುವಜನರ ಪ್ರತಿಭಟನೆ ಭುಗಿಲೆದ್ದು ಸರ್ಕಾರವೇ ಉರುಳಿತು. 70ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ವಿಮಾನ ನಿಲ್ದಾಣ ಮುಚ್ಚಿ, ಪ್ರವಾಸಿಗರು ಹೋಟೆಲುಗಳಲ್ಲೇ ಉಳಿಯಬೇಕಾಯಿತು. ಅಂಥ ಹೊತ್ತಿನಲ್ಲಿ ಬೀದಿಗಿಳಿದು ಫೋಟೋ ತೆಗೆಯುವ ಸಾಹಸ ಬೇಡ. ಇದ್ದಲ್ಲೇ ಇದ್ದು ಕಠ್ಮಂಡುವಿನ ಲೈಂಚೌರ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ತಿಳಿಸಬೇಕು. ಬೀರ್‌ಗಂಜ್‌ನಲ್ಲೂ ನಮ್ಮ ದೂತಾವಾಸ ಕಚೇರಿ ಇದೆ. ಪೊಲೀಸರಿಗೆ 100, ಆಂಬುಲೆನ್ಸ್‌ಗೆ 102, ಪ್ರವಾಸಿ ಪೊಲೀಸರಿಗೆ 1144.

ಒಬ್ಬರೇ ಇರುವಾಗ ಪಾಲಿಸಬೇಕಾದವು

• ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಮನೆಗೆ ಸಂದೇಶ: ಇವತ್ತು ಎಲ್ಲಿದ್ದೇನೆ, ನಾಳೆ ಎಲ್ಲಿಗೆ, ವಸತಿಯ ಹೆಸರೇನು. ಎಷ್ಟು ಹೊತ್ತು ಸುದ್ದಿ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂದು ಮನೆಯವರಿಗೂ ಬರೆದುಕೊಡಿ.
• ನೇಪಾಳ ಟೆಲಿಕಾಂ ಅಥವಾ ಎನ್‌ಸೆಲ್ ಸಿಮ್ ಮೊದಲ ದಿನವೇ ಪಡೆಯಿರಿ. ಭಾರತದ ಸಿಮ್ಮನ್ನು ಬ್ಯಾಂಕಿನ ಒಟಿಪಿಗಾಗಿ ರೋಮಿಂಗ್‌ನಲ್ಲಿ ಇಡಿ.
• ಹೊಸ ಊರಿಗೆ ಹಗಲಿನಲ್ಲೇ ತಲುಪಿ. ಹೆಣ್ಣುಮಕ್ಕಳು ಮಹಿಳೆಯರಿಗೇ ಮೀಸಲಾದ ಡಾರ್ಮಿಟರಿ ಕೇಳಿ; ನಗರಗಳಲ್ಲಿ ಇವೆ.
• ಹಣವನ್ನು ಮೂರು ಕಡೆ ಹಂಚಿಡಿ.
• ಚೀಲ ಎಂಟು ಹತ್ತು ಕೆಜಿ ಮೀರದಿರಲಿ. ಬಸ್ಸಿನ ಮೇಲೆ ಹಾಕದೆ ಕಾಲ ಬಳಿ ಇಡುವಷ್ಟಿದ್ದರೆ ಒಳ್ಳೆಯದು.
• ಬೇರೆಯವರ ಪೊಟ್ಟಣ, ಪಾರ್ಸೆಲ್ ಗಡಿ ದಾಟಿಸಿಕೊಡಲು ಒಪ್ಪಿಕೊಳ್ಳಬೇಡಿ, ಎಷ್ಟೇ ವಿಶ್ವಾಸದಿಂದ ಕೇಳಿದರೂ.

ನಾಲ್ಕು ಮಾತು ನೇಪಾಳಿ

ನೇಪಾಳಿಯ ಲಿಪಿ ದೇವನಾಗರಿ. ಮರಾಠಿ ಶಾಲೆ ಕಂಡ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಬಸ್ಸಿನ ಬೋರ್ಡು ಓದುವುದು ನೀರು ಕುಡಿದಷ್ಟು ಸುಲಭ. ಹಿಂದಿ ಹೆಚ್ಚು ಕಡಿಮೆ ಎಲ್ಲೆಡೆ ಅರ್ಥವಾಗುತ್ತದೆ. ಆದರೂ ಗಂಡಸರಿಗೆ "ದಾಯಿ" ಎಂದರೆ ಅಣ್ಣ, ಹೆಂಗಸರಿಗೆ "ದಿದಿ" ಎಂದರೆ ಅಕ್ಕ. "ಕತಿ ಹೋ?" ಎಂದರೆ ಎಷ್ಟು? "ಬಾಟೋ" ಎಂದರೆ ದಾರಿ. ಮನೆಯಲ್ಲೊಂದು, ಬೀದಿಯಲ್ಲೊಂದು, ಕಚೇರಿಯಲ್ಲೊಂದು ಭಾಷೆ ಆಡುತ್ತಾ ಬೆಳೆದ ಗಡಿನಾಡಿನ ನಮಗೆ ಇನ್ನೊಬ್ಬರ ನುಡಿಯ ಎರಡು ಮಾತು ಎಷ್ಟು ಬಾಗಿಲು ತೆರೆಯುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ.

ನಿಯಮ, ದರ, ರೈಲಿನ ವೇಳೆ ಬದಲಾಗುತ್ತಿರುತ್ತವೆ. ಹೊರಡುವ ವಾರದಲ್ಲಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಕಡಿಮೆ ಖರ್ಚು ಎಂದರೆ ಬೇಡದ್ದನ್ನು ಬಿಡುವುದೇ ಹೊರತು ಜೀವಕ್ಕೆ ಬೇಕಾದದ್ದನ್ನು ಬಿಡುವುದಲ್ಲ. ಹೋಗಿಬನ್ನಿ, ಪ್ರಯಾಣ ಸುಖಕರವಾಗಲಿ.